ಅಪ್‌ಡೇಟ್: ಭಾವನ ಎಫ್‌ಡಿ ಹಣ ಕೊನೆಗೂ ಬಂತು

ಭಾವ ವಿಲ್ ಬರೆಯದೆ ತೀರಿಕೊಂಡರು, ಎಫ್‌ಡಿಗೆ ನಾಮಿನಿ ಇಲ್ಲ, ಅಕ್ಕನ ಮಕ್ಕಳಿಬ್ಬರೂ ಚಿಕ್ಕವರು, ಏನು ಮಾಡೋದು ಅಂತ ಇಲ್ಲಿ ಕೇಳಿದ್ದೆ. ಉತ್ತರ ತಡವಾಯ್ತು, ಕೋರ್ಟ್ ಕೆಲಸ ಅಲ್ವಾ!

ಪ್ರೊಬೇಟ್ (ವಿಲ್ ಅಸಲಿ ಅಂತ ಕೋರ್ಟ್ ಕೊಡುವ ದೃಢೀಕರಣ) ನಮಗೆ ಸಂಬಂಧವೇ ಇಲ್ಲ, ಅದು ವಿಲ್ ಇದ್ದಾಗಿನ ಮಾತು. ವಂಶವೃಕ್ಷ, ಅಫಿಡವಿಟ್ ಕೊಟ್ಟು ನೋಡಿದೆವು. ಮೊತ್ತ ಜಾಸ್ತಿ ಅಂತ ಬ್ಯಾಂಕಿನವರು ಒಪ್ಪಲಿಲ್ಲ. ಸಕ್ಸೆಷನ್ ಸರ್ಟಿಫಿಕೇಟ್ (ತೀರಿಕೊಂಡವರ ಹಣ ಪಡೆಯೋಕೆ ವಾರಸುದಾರರಿಗೆ ಕೋರ್ಟ್ ಕೊಡುವ ಪತ್ರ) ಮಾಡಿಸಿ ಅಂತ ಇಲ್ಲಿ ಹೇಳಿದವರ ಮಾತೇ ಕೆಲಸಕ್ಕೆ ಬಂತು. ದಾವಣಗೆರೆ ಕೋರ್ಟಲ್ಲಿ ಅರ್ಜಿ ಹಾಕಿದೆವು. ಪೇಪರ್‌ನಲ್ಲಿ ನೋಟಿಸ್ ಬಂತು, ಯಾರೂ ತಕರಾರು ಮಾಡಲಿಲ್ಲ, ಆದೇಶ ಆಯ್ತು.

ಗೊತ್ತೇ ಇಲ್ಲದ ವಿಷಯ ಅಂದ್ರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಭಾವನ ತಾಯಿಗೂ ಸಮಪಾಲು. ಅಕ್ಕ, ಇಬ್ಬರು ಮಕ್ಕಳು, ಅಕ್ಕನ ಅತ್ತೆ, ಹೀಗೆ ನಾಲ್ಕು ಪಾಲು. ಭಾವನ ತಂದೆಗೆ ಮಾತ್ರ ಇಲ್ಲ! ಅವರು ಎರಡನೇ ವರ್ಗದ ವಾರಸುದಾರರಂತೆ, ಅಂದ್ರೆ ಮೊದಲ ವರ್ಗದವರು ಯಾರೂ ಇಲ್ಲದಿದ್ದರೆ ಮಾತ್ರ ಪಾಲು. ಪಾಪ, ಅವರೇ ಕೇಳಿ ನಕ್ಕರು. ಮಕ್ಕಳ ಪಾಲನ್ನು ಅವರ ಹೆಸರಲ್ಲೇ ಡಿಪಾಸಿಟ್ ಇಟ್ಟಿದ್ದೇವೆ.

ಇನ್ನೊಂದು, ಈ ಸರ್ಟಿಫಿಕೇಟ್ ಬ್ಯಾಂಕ್ ಹಣ, ಷೇರು, ಬರಬೇಕಾದ ಸಾಲಕ್ಕೆ ಮಾತ್ರ. ಭಾವನ ಸೈಟಿಗೆ ನಡೆಯಲ್ಲ. ಅದರ ಖಾತೆ ಬದಲಾವಣೆಗೆ ಪಾಲಿಕೆಯಲ್ಲಿ ಬೇರೆ ಅರ್ಜಿ ಕೊಟ್ಟಿದ್ದೇವೆ. ಮುಂದೆ ಸೈಟ್ ಮಾರೋದಾದ್ರೆ, ಮಕ್ಕಳ ಪಾಲು ಮಾರೋಕೆ ತಾಯಿಯೇ ಆದರೂ ಮೊದಲು ಕೋರ್ಟ್ ಅನುಮತಿ ಪಡೀಬೇಕು.