ಅಮೆರಿಕದ ಗಣತಿ ನಮೂನೆಯ ಜನಾಂಗದ ಕಾಲಂನಲ್ಲಿ ಮೊಮ್ಮಗನಿಗೆ ಏನೆಂದು ಬರೆಯಬೇಕು?

ಪ್ರಶ್ನೆ: ಕಾರವಾರದ ಅಜ್ಜ

ನಮಸ್ಕಾರ. ನಮ್ಮದು ಕಾರವಾರದ ಕೋಡಿಬಾಗ. ಮಗಳು ಹನ್ನೆರಡು ವರ್ಷಗಳಿಂದ ಅಮೆರಿಕದಲ್ಲಿದ್ದಾಳೆ. ಅಳಿಯ ಅಲ್ಲಿಯವನೇ, ಅವನ ತಂದೆ ಆಫ್ರಿಕಾ ಮೂಲದ ಅಮೆರಿಕನ್ನರು, ತಾಯಿಯ ಮನೆತನ ಐರ್ಲೆಂಡಿನಿಂದ ಬಂದು ನೆಲೆಸಿದ್ದು. ಕಳೆದ ವಾರ ಅವರ ಮನೆಗೆ ಅಮೆರಿಕನ್ ಕಮ್ಯುನಿಟಿ ಸರ್ವೆ ಎಂಬ ಸರಕಾರಿ ನಮೂನೆ ಬಂದಿದೆ. ಅಲ್ಲಿನ ಗಣತಿ ಇಲಾಖೆಯೇ ಪ್ರತಿವರ್ಷ ಸುಮಾರು 35 ಲಕ್ಷ ವಿಳಾಸಗಳಿಗೆ ಇದನ್ನು ಕಳಿಸುತ್ತದೆ, ಉತ್ತರಿಸುವುದು ಕಾನೂನಿನಂತೆ ಕಡ್ಡಾಯ ಎಂದು ಮಗಳು ಹೇಳಿದಳು.

ಮನೆಯಲ್ಲಿರುವ ಪ್ರತಿಯೊಬ್ಬರ ಜನಾಂಗ ಯಾವುದೆಂದು ಅದರಲ್ಲಿ ಕೇಳಿದ್ದಾರೆ. ತನ್ನದನ್ನೂ ಗಂಡನದನ್ನೂ ತುಂಬಿದ ಮಗಳು ಮಗನ ಹೆಸರಿನ ಮುಂದೆ ಪೆನ್ನು ಇಟ್ಟುಬಿಟ್ಟಿದ್ದಾಳೆ. ಒಂದೇ ಚೌಕಕ್ಕೆ ಗುರುತು ಹಾಕಿದರೆ ಉಳಿದ ಕಡೆಯ ಅಜ್ಜ ಅಜ್ಜಿಯರನ್ನು ಅಳಿಸಿದಂತಾಗುತ್ತದೆ, ಮೂರಕ್ಕೂ ಹಾಕಿದರೆ ಮಗುವನ್ನು ಮೂರು ಪಾಲು ಮಾಡಿದಂತೆ ಕಾಣುತ್ತದೆ ಎಂಬುದು ಅವಳ ಸಂಕಟ. ನನ್ನನ್ನು ಕೇಳಿದಳು, ನನಗೆ ತಿಳಿಯಲಿಲ್ಲ. ಇಂಥ ನಮೂನೆ ತುಂಬಿದವರು ಅಥವಾ ತುಂಬಿಸಿಕೊಂಡವರು ಇಲ್ಲಿ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ: ಶಿರಸಿಯ ತೋಟಿಗ

ಹದಿನೆಂಟು ವರ್ಷ ಅಲ್ಲಿ ದುಡಿದು ಊರಿಗೆ ಮರಳಿದವನು ನಾನು. ಅಲ್ಲಿಯ 2000 ಮತ್ತು 2010ರ ಗಣತಿಗಳಲ್ಲಿ ನಮ್ಮ ಮನೆಯ ನಮೂನೆಯನ್ನು ನಾನೇ ತುಂಬಿದ್ದೆ. ಮೂರೂ ಚೌಕಗಳಿಗೆ ಗುರುತು ಹಾಕಬಹುದು. 2000ದ ಗಣತಿಯಿಂದ ಅದಕ್ಕೆ ಅವಕಾಶವಿದೆ, ಮತ್ತು 2020ರಲ್ಲಿ ಒಂದಕ್ಕಿಂತ ಹೆಚ್ಚು ಜನಾಂಗದವರೆಂದು ದಾಖಲಾದವರು 3.38 ಕೋಟಿ. ಹೀಗಾಗಿ ನಿಮ್ಮ ಮೊಮ್ಮಗ ಒಬ್ಬಂಟಿಯೇನೂ ಅಲ್ಲ. ಎಚ್ಚರ ಬೇಕಾದದ್ದು ಇನ್ನೊಂದು ಕಡೆ. ‘ಅಮೆರಿಕನ್ ಇಂಡಿಯನ್’ ಎಂಬ ಚೌಕ ಅಲ್ಲಿನ ಮೂಲನಿವಾಸಿಗಳದ್ದು, ನಮ್ಮವರದ್ದು ‘ಏಷಿಯನ್ ಇಂಡಿಯನ್’. ಹೊಸದಾಗಿ ಹೋದವರು ಇಂಡಿಯನ್ ಎಂಬ ಶಬ್ದ ಕಂಡ ಕೂಡಲೇ ತಪ್ಪು ಚೌಕಕ್ಕೆ ಗುರುತು ಹಾಕಿಬಿಡುವುದುಂಟು.

ಈ ಚೌಕಗಳು ರಕ್ತದ ಲೆಕ್ಕವೆಂದು ಮಗಳು ತಿಳಿಯಬೇಕಾಗಿಲ್ಲ. ಅವುಗಳ ಚರಿತ್ರೆ ನೋಡಿದರೆ ಸಾಕು. 1920, 1930 ಮತ್ತು 1940ರ ಗಣತಿಗಳಲ್ಲಿ ಭಾರತದಿಂದ ಹೋದವರನ್ನು, ಅವರು ಸಿಖ್ಖರಿರಲಿ ಮುಸಲ್ಮಾನರಿರಲಿ, ‘ಹಿಂದೂ’ ಎಂಬ ಜನಾಂಗವಾಗಿ ಬರೆದುಕೊಂಡರು. 1970ರಲ್ಲಿ ಅದೇ ಜನರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿದರು. 1980ರಲ್ಲಿ ‘ಏಷಿಯನ್ ಇಂಡಿಯನ್’ ಎಂಬ ಪ್ರತ್ಯೇಕ ಚೌಕ ಬಂತು. ಹೋದ ಜನ ಒಂದೇ, ಮೂರು ಹೆಸರು. ಇನ್ನು ನಿಮ್ಮ ಅಳಿಯನಂಥವರ ವಿಷಯದಲ್ಲಿ 1930ರ ಗಣತಿದಾರರಿಗೆ ಕೊಟ್ಟ ಸೂಚನೆ ಬಹಳ ಕಠೋರವಾಗಿತ್ತು: ಬಿಳಿಯ ಮತ್ತು ಕಪ್ಪು ಎರಡೂ ಮೂಲವಿರುವವರಲ್ಲಿ ಕಪ್ಪು ಮೂಲದ ಅಂಶ ಎಷ್ಟೇ ಕಡಿಮೆಯಿದ್ದರೂ ಕಪ್ಪು ಜನಾಂಗದವರೆಂದೇ ಬರೆಯಬೇಕಿತ್ತು. ಆಗ ಮುಖ ನೋಡಿ ಬರೆಯುವವನು ಗಣತಿದಾರ. ಜನ ತಮ್ಮ ಜನಾಂಗವನ್ನು ತಾವೇ ಗುರುತಿಸುವ ಪದ್ಧತಿ ಬಂದದ್ದು 1960ರಿಂದ ಈಚೆಗೆ.

ತಾವೇ ಬರೆಯುವಾಗಲೂ ಎಲ್ಲರೂ ಒಂದೇ ರೀತಿ ಬರೆಯುವುದಿಲ್ಲ. ಬರಾಕ್ ಒಬಾಮಾ ಅವರ ತಂದೆ ಕೀನ್ಯಾದವರು, ತಾಯಿ ಬಿಳಿಯರು. ಅಧ್ಯಕ್ಷರಾಗಿದ್ದಾಗ ನಡೆದ 2010ರ ಗಣತಿಯಲ್ಲಿ ಅವರು ಕಪ್ಪು ಜನಾಂಗದ ಚೌಕವೊಂದಕ್ಕೇ ಗುರುತು ಹಾಕಿದರು. ಒಬ್ಬನೇ ವ್ಯಕ್ತಿಯ ಉತ್ತರ ಕಾಲಕ್ಕೆ ತಕ್ಕಂತೆ ಬದಲಾಗುವುದೂ ಇದೆ: 2000 ಮತ್ತು 2010ರ ಗಣತಿಗಳಲ್ಲಿ ಸುಮಾರು 16.2 ಕೋಟಿ ಜನರ ಉತ್ತರಗಳನ್ನು ಸಂಶೋಧಕರು ಹೋಲಿಸಿ ನೋಡಿದಾಗ 98 ಲಕ್ಷ ಜನರದ್ದು ಬೇರೆಯಾಗಿತ್ತು. ಈಗ ತಾಯಿ ತುಂಬಿದ್ದನ್ನು ಮಗ ಬೆಳೆದ ಮೇಲೆ ತನ್ನ ಮನಸ್ಸಿನಂತೆ ಬದಲಿಸಿ ಬರೆಯಬಲ್ಲ.

ಉತ್ತರ: ನಿವೃತ್ತ ಮಾಸ್ತರ, ಯಲ್ಲಾಪುರ

ಅಮೆರಿಕದ ನಮೂನೆಯನ್ನು ನಾನು ಕಂಡವನಲ್ಲ. ಆದರೆ 2011ರ ಫೆಬ್ರುವರಿ 9ರಿಂದ 28ರವರೆಗೆ ನಡೆದ ನಮ್ಮ ಗಣತಿಯಲ್ಲಿ ನನ್ನ ಪಾಲಿಗೆ ಬಂದ ಭಾಗದಲ್ಲಿ ಒಂದು ಸಿದ್ದಿ ಕೇರಿಯಿತ್ತು (ಸಿದ್ದಿಗಳೆಂದರೆ ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದು ನಮ್ಮಲ್ಲಿ ನೆಲೆಸಿದವರ ವಂಶದವರು), ಅಲ್ಲಿನ ಒಂದು ಮಧ್ಯಾಹ್ನವನ್ನು ಹೇಳಬೇಕೆನಿಸುತ್ತದೆ. ಅಂಗಳದಲ್ಲಿ ಹಳೆಯ ಸೀರೆಯ ತುಂಡುಗಳನ್ನು ಹರಡಿಕೊಂಡು ಕೌದಿ ಹೊಲಿಯುತ್ತಿದ್ದ ಅಜ್ಜಿಯೊಬ್ಬರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ನನಗೆ ಚಾಪೆ ಹಾಕಿದರು. ಗಂಡನ ಹೆಸರು ಕೇಳಿದರೆ ತಲೆ ತಗ್ಗಿಸಿ ಮೊಮ್ಮಗನನ್ನು ಕೂಗಿದರು. ಅವನು ಹೇಳಿದ, ನಾನು ಬರೆದೆ. ರೂಢಿಯಂತೆ ಹೆಸರು ಹೇಳಬಾರದ ಹೆಣ್ಣುಮಗಳನ್ನು ಅದಕ್ಕಾಗಿ ಒತ್ತಾಯಿಸುವಂತಿಲ್ಲ ಎಂಬ ಮಾತು 1948ರ ಜನಗಣತಿ ಕಾಯ್ದೆಯಲ್ಲಿಯೇ ಇದೆ.

ಮಾತೃಭಾಷೆಯ ಕಾಲಂಗೆ ಬಂದಾಗ ಅವರು ನನ್ನೊಡನೆ ಕನ್ನಡದಲ್ಲಿಯೇ ಮಾತನಾಡುತ್ತಿದ್ದರೆಂದು ಕೇಳದೆಯೇ ಕನ್ನಡವೆಂದು ಬರೆಯಲು ಹೊರಟಿದ್ದೆ. ಅಷ್ಟರಲ್ಲಿ ಅಕ್ಕಿ ಹರಡಿದ ಮೊರಕ್ಕೆ ಕೋಳಿ ಬಾಯಿ ಹಾಕಿತು, ಅವರು ಅದನ್ನು ಕೊಂಕಣಿಯಲ್ಲಿ ಬೈದು ಓಡಿಸಿದರು. ಮನೆಯಲ್ಲಿ ಆಡುವುದು ಯಾವುದೆಂದು ಆಗ ಕೇಳಿದೆ. ‘ಕೊಂಕಣಿಯೇ ಮಾಸ್ತರ್ರೇ’ ಎಂದರು. ಕೊಂಕಣಿಯೆಂದೇ ಬರೆದು, ಗೊತ್ತಿರುವ ಇತರ ಭಾಷೆಗಳ ಸಾಲಿನಲ್ಲಿ ಕನ್ನಡವನ್ನು ಸೇರಿಸಿದೆ. ಆ ದಿನ ಕೋಳಿ ಬಾರದೆ ಇದ್ದಿದ್ದರೆ ಒಂದು ಮನೆಯ ಭಾಷೆ ನನ್ನ ಅವಸರದಿಂದ ಬದಲಾಗಿ ಹೋಗುತ್ತಿತ್ತು ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ. ನಿಮ್ಮ ಮಗಳಿಗೆ ಪೆನ್ನು ತನ್ನ ಕೈಯಲ್ಲಿಯೇ ಇದೆ. ಅದು ದೊಡ್ಡ ಅನುಕೂಲ.

ಪಕ್ಕದ ಮನೆಯವರು ಕ್ರೈಸ್ತರು, ಇವರು ಹಿಂದೂಗಳು, ಎರಡೂ ಮನೆ ಸಿದ್ದಿಗಳದ್ದೇ. ಪರಿಶಿಷ್ಟ ಪಂಗಡದವರು ಯಾವ ಧರ್ಮದವರಾದರೂ ಆಗಿರಬಹುದಾದ್ದರಿಂದ ಎರಡೂ ಕಡೆ ಸಿದ್ದಿ ಎಂದು ಬರೆಯಲು ತೊಡಕಾಗಲಿಲ್ಲ.

ಉತ್ತರ: ಹಳಿಯಾಳದಿಂದ

ಮಾಸ್ತರರು ಹೇಳಿದ ಸಮುದಾಯದವಳು ನಾನು. ಶಿರಸಿಯವರ ಮಾತನ್ನು ಗೌರವದಿಂದಲೇ ಒಪ್ಪುತ್ತೇನೆ, ಆದರೆ ಚೌಕಗಳ ಹೆಸರು ಬದಲಾಗುತ್ತವೆ ಎಂದಮಾತ್ರಕ್ಕೆ ಅವುಗಳ ತೂಕ ಕಡಿಮೆಯಾಗುವುದಿಲ್ಲ. ನಮ್ಮ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 2001ರ ಗಣತಿಯಲ್ಲಿ ನನ್ನ ಅಪ್ಪ ತಾನು ಸಿದ್ದಿ ಎಂದು ಹೇಳಿದರೂ ಆ ಕಾಲಂನಲ್ಲಿ ಅದಕ್ಕೆ ಜಾಗವಿರಲಿಲ್ಲ, 2011ರಲ್ಲಿ ಇತ್ತು. ನನ್ನ ವಿದ್ಯಾರ್ಥಿವೇತನ, ಹಾಸ್ಟೆಲ್ಲು ಎಲ್ಲವೂ ಆ ಹೆಸರಿನ ಮೇಲೆಯೇ ಬಂದವು.

ಬೆಂಗಳೂರಿನಲ್ಲಿ ಓದುವಾಗ ನೀನು ಯಾವ ದೇಶದವಳೆಂದು ಕೇಳದವರಿರಲಿಲ್ಲ. ಮುಖ ನೋಡಿ ಕೇಳುವ ಆ ಪ್ರಶ್ನೆ ನೋಯಿಸಿತ್ತು. ಕಾಗದದ ಮೇಲಿನ ಪ್ರಶ್ನೆ ಹಾಗೆ ನೋಯಿಸಲಿಲ್ಲ, ಏಕೆಂದರೆ ಅಲ್ಲಿ ಉತ್ತರಿಸುವವಳು ನಾನು: ಸಿದ್ದಿ, ಭಾರತೀಯಳು, ಮನೆಮಾತು ಕೊಂಕಣಿ. ಇವು ಮೂರೂ ಸೇರಿ ನನ್ನನ್ನು ಮೂರು ತುಂಡು ಮಾಡಿಲ್ಲ. 2027ರ ಗಣತಿಯಲ್ಲಿ ಎಲ್ಲರ ಜಾತಿಯನ್ನೂ ಕೇಳಬೇಕೆಂದು 2025ರ ಏಪ್ರಿಲ್ 30ರಂದು ಕೇಂದ್ರ ಸಂಪುಟ ತೀರ್ಮಾನಿಸಿದೆ. 1931ರ ನಂತರ ಅಂಥ ಪೂರ್ಣ ಲೆಕ್ಕ ಪ್ರಕಟವಾಗಿಲ್ಲ. ಆಗ ನಮ್ಮ ಊರುಗಳಲ್ಲಿಯೂ ನಿಮ್ಮ ಮಗಳಂತೆ ಪೆನ್ನು ಇಟ್ಟು ಯೋಚಿಸುವ ಮನೆಗಳು ಇರುತ್ತವೆ. ಅಜ್ಜ, ಮೊಮ್ಮಗನಿಗೆ ಮೂರೂ ಬರೆಯಿಸಿ.

ಕಾರವಾರದ ಅಜ್ಜ

ಮೂವರಿಗೂ ಕೃತಜ್ಞತೆಗಳು. ನಿಮ್ಮ ಮಾತುಗಳನ್ನು ನಿನ್ನೆ ರಾತ್ರಿ ಮಗಳಿಗೂ ಅಳಿಯನಿಗೂ ಫೋನಿನಲ್ಲಿ ಓದಿ ಹೇಳಿದೆ. ಹಳಿಯಾಳದ ತಂಗಿಯ ಉತ್ತರವನ್ನು ಅಳಿಯ ಇಂಗ್ಲಿಷಿನಲ್ಲಿ ಎರಡು ಸಲ ಹೇಳಿಸಿಕೊಂಡ. ಮೂರು ಚೌಕಗಳಿಗೂ ಗುರುತು ಹಾಕಿ, ಬಿಳಿಯರ ಸಾಲಿನ ಕೆಳಗೆ ಐರಿಶ್ ಎಂದೂ ಕಪ್ಪು ಜನಾಂಗದ ಸಾಲಿನ ಕೆಳಗೆ ಆಫ್ರಿಕನ್ ಅಮೆರಿಕನ್ ಎಂದೂ ಬರೆದಿದ್ದಾರೆ. ಇಂಗ್ಲಿಷ್ ಬಿಟ್ಟು ಮನೆಯಲ್ಲಿ ಬೇರೆ ಭಾಷೆ ಆಡುತ್ತಾರೆಯೇ ಎಂಬ ಪ್ರಶ್ನೆಯೂ ಅದರಲ್ಲಿದೆ, ಆದರೆ ಐದು ವರ್ಷ ತುಂಬಿದವರಿಗೆ ಮಾತ್ರ. ಮೊಮ್ಮಗನಿಗೆ ಹೋದ ತಿಂಗಳು ಐದು ತುಂಬಿತು. ಅಲ್ಲಿ ಕೊಂಕಣಿ ಎಂದು ಬರೆದಳಂತೆ.