ಹೆರಿಗೆಯಾದ ಮೊದಲ ವಾರದ ಎದೆಹಾಲು: ಸಿಸ್ಟರ್ ಹತ್ತಿರ ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮೊದಲ ವಾರ ಹಾಲುಣಿಸುವ ಬಗ್ಗೆ ಏನೇ ಇದ್ದರೂ ಇಲ್ಲೇ ಕೇಳಿ. ನಮ್ಮ ಸಿಸ್ಟರ್ ಬಾಣಂತಿಯರ ವಾರ್ಡಿನಲ್ಲಿ ಕೆಲಸ ಮಾಡುವವರು. ಡ್ಯೂಟಿ ಮುಗಿಸಿ ಬಂದು ಉತ್ತರಿಸುತ್ತಾರೆ. ಮಗುವಿನ ಫೋಟೋ, ಆಸ್ಪತ್ರೆಯ ಹೆಸರು ಹಾಕಬೇಡಿ.

ತುಮಕೂರು ಸೊಸೆ: ಸಿಸ್ಟರ್, ಮುಂದಿನ ವಾರ ನನಗೆ ಸಿಸೇರಿಯನ್. ಆಪರೇಶನ್ ಆದ್ರೆ ಮೂರು ದಿನ ಹಾಲೇ ಬರಲ್ಲ, ಪೌಡರ್ ತಂದಿಟ್ಕೋ ಅಂತಾರೆ ನಮ್ಮತ್ತೆ. ನಿಜಾನಾ?

ಸಿಸ್ಟರ್: ನಿಜ ಅಲ್ಲಮ್ಮ. ಗಿಣ್ಣು ಹಾಲು ನಿಮ್ಮ ಎದೆಯಲ್ಲಿ ಈಗಲೇ ಇದೆ. ಚಮಚದ ಲೆಕ್ಕದಲ್ಲಿ ಬರುತ್ತದೆ, ಮೊದಲ ದಿನ ಮಗುವಿಗೆ ಅಷ್ಟೇ ಸಾಕು. ಮಾಸು ಹೊರಗೆ ಬಂದ ಮೇಲೆ ಹಾಲು ಹೆಚ್ಚುವ ಕೆಲಸ ಶುರುವಾಗುತ್ತದೆ. ಹೆರಿಗೆ ಹೇಗೇ ಆದರೂ ಮಾಸು ಬರಲೇಬೇಕಲ್ವಾ? ಎದೆ ತುಂಬಿ ಬರೋದು 2ರಿಂದ 4ನೇ ದಿನದೊಳಗೆ. ಸಿಸೇರಿಯನ್ ಆದವರಿಗೆ ಕೆಲವೊಮ್ಮೆ ಸ್ವಲ್ಪ ತಡ, ಅಷ್ಟೇ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದರೆ ನೀವು ಎಚ್ಚರವಾಗಿರುತ್ತೀರಿ. ಮಗು ಚೆನ್ನಾಗಿದ್ದರೆ ಥಿಯೇಟರಿನಲ್ಲೇ ಎದೆ ಮೇಲೆ ಹಾಕಿ, ಒಂದು ಗಂಟೆಯೊಳಗೆ ಕುಡಿಸಿ ಅಂತ ಡಾಕ್ಟರಿಗೆ ಇವತ್ತೇ ಹೇಳಿಡಿ. ಆ ದಿನ ಹೇಳೋಕೆ ನಿಮಗೆ ನೆನಪಾಗಲ್ಲ.

ಗದಗ ಅಕ್ಕ: ನಮ್ಮ ಕಡೆ ಸೋದರತ್ತಿ ಕೈಲೆ ಮೊದಲು ಜೇನುತುಪ್ಪ ನೆಕ್ಕಸ್ತಾರ್ರಿ. ಒಂದ್ ಹನಿ ಅಷ್ಟೇ. ನಡಿತೈತೇನ್ರಿ?

ಸಿಸ್ಟರ್: ಒಂದು ಹನಿಯೂ ಬೇಡ. ಒಂದು ವರ್ಷ ತುಂಬುವವರೆಗೆ ಜೇನು ಬೇಡ. ಅದರಲ್ಲಿ ಬೊಟುಲಿಸಂ ಅನ್ನುವ ರೋಗದ ಬೀಜಾಣು ಇರಬಹುದು. ಹಸುಗೂಸಿನ ಕರುಳಿನಲ್ಲಿ ಅದು ಬೆಳೆದು ವಿಷ ಮಾಡಿದರೆ ಮಗುವಿನ ಕೈಕಾಲು, ಉಸಿರು ಎಲ್ಲ ಸೋಲುತ್ತದೆ.

ಪುಟ್ಟಿ ಅಮ್ಮ: ಸಕ್ಕರೆ ನೀರು?

ಸಿಸ್ಟರ್: ಬೇಡ.

ಹಾಸನ ಗೆಳತಿ: ಬೆಲ್ಲದ ನೀರು ಆಗಬಹುದಾ?

ಸಿಸ್ಟರ್: ಮೇಲೆ ಓದಿ.

ಮಂಡ್ಯ ಮಗಳು: ನನಗೆ ಮೊಲೆತೊಟ್ಟು ಒಳಗೆ ಹೋಗಿದೆ. ಮಗು ಹಿಡಿಯುತ್ತಾ? ಈಗ ಎಂಟು ತಿಂಗಳು.

ಎಲ್ಲರ ದೊಡ್ಡಮ್ಮ: ಫಾರ್ವರ್ಡ್ ಆಗಿ ಬಂದಿದ್ದು. "ಹುಟ್ಟಿದ ಮಗುವಿಗೆ ಒಂದು ಒಳಲೆ ಕತ್ತೆ ಹಾಲು ಕುಡಿಸಿ, ಜನ್ಮದಲ್ಲಿ ಕಫ ಕಟ್ಟಲ್ಲ. ಬಜೆ ಸುಟ್ಟು ತೇಯ್ದು ನೆಕ್ಕಿಸಿ, ಮಾತು ಬೇಗ ಬರುತ್ತೆ. ಮೊದಲ ಹಾಲು ಹಳದಿ, ಅದು ಕೆಟ್ಟ ಹಾಲು, ಹಿಂಡಿ ಚೆಲ್ಲಿ. ಎಲ್ಲಾ ತಾಯಂದಿರಿಗೂ ಕಳಿಸಿ."

ಸಿಸ್ಟರ್: ದಯವಿಟ್ಟು ಕಳಿಸಬೇಡಿ. ಆ ಹಳದಿ ಹಾಲಿನಲ್ಲೇ ರೋಗ ತಡೆಯುವ ಶಕ್ತಿ ಇರೋದು. ಅದನ್ನು ಚೆಲ್ಲಿ ಬೀದಿಯಲ್ಲಿ ಕರೆದ ಹಸಿ ಹಾಲು ಹಾಕೋದು ಯಾವ ನ್ಯಾಯ? ಹಸಿ ಹಾಲಿನಿಂದ ಸೋಂಕು ಬರುತ್ತದೆ. ತೇಯೋ ಕಲ್ಲು, ಬೆರಳು, ನೀರು, ಇವುಗಳಿಂದಲೂ ಬರುತ್ತದೆ. ಹೊಟ್ಟೆ ಕೆಟ್ಟು ಅಡ್ಮಿಟ್ ಆದ ಮಗುವಿನ ಕೈಯಲ್ಲಿ ನರ ಸಿಗದೆ ಹುಡುಕುವವರು ನಾವು. ಈ ಮೆಸೇಜ್ ಬರೆದವರು ಅಲ್ಲಿಗೆ ಬರಲ್ಲ.

ಎಲ್ಲರ ದೊಡ್ಡಮ್ಮ: ನಾವೆಲ್ಲ ಬಜೆ ತಿಂದೇ ಬೆಳೆದವರು ತಾಯಿ. ನಮಗೇನಾಗಿದೆ?

ಪುಟ್ಟಿ ಅಮ್ಮ: ದೊಡ್ಡಮ್ಮ, ನಮ್ಮಜ್ಜಿ ಹೆತ್ತ ಮಕ್ಕಳಲ್ಲಿ ಮೂರು ತೊಟ್ಟಿಲಲ್ಲೇ ಹೋದವು. ಉಳಿದವರು ಮಾತ್ರ ಈ ಮಾತು ಹೇಳೋಕೆ ಇರೋದು.

ಎಲ್ಲರ ದೊಡ್ಡಮ್ಮ: ಹಿರಿಯರ ಹತ್ತಿರ ಹೀಗಾ ಮಾತಾಡೋದು?

ದಾವಣಗೆರೆ ಅಪ್ಪ: ಸಿಸ್ಟರ್, ನಮ್ಮ ಪಾಪುಗೆ ಇವತ್ತು 5ನೇ ದಿನ. ಮೊದಲ ಮಗು, ಸಿಸೇರಿಯನ್. ಹುಟ್ಟಿದಾಗ 3 ಕೆಜಿ, ಇವತ್ತು ಆಶಾ ಅಕ್ಕ ತೂಗಿದಾಗ 2 ಕೆಜಿ 620 ಗ್ರಾಂ. ತುಂಬಾ ಒಳ್ಳೆ ಮಗು, ಅಳೋದೇ ಇಲ್ಲ, ಮಲಗೇ ಇರುತ್ತೆ. ಎದೆಗೆ ಹಾಕಿದರೆ ಎರಡು ಸಲ ಚೀಪಿ ನಿದ್ದೆ ಹೋಗುತ್ತೆ. ಇಷ್ಟು ತೂಕ ಇಳಿಯೋದು ಸಾಮಾನ್ಯಾನಾ?

ಸಿಸ್ಟರ್: ಉಚ್ಚೆ ಎಷ್ಟು ಸಲ ಮಾಡಿದೆ? ಬಣ್ಣ ಏನು? ಕಣ್ಣು, ಕಾಲು ಹಳದಿ ಇದೆಯಾ? ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗಿತ್ತಾ? ಬೇಗ ಹೇಳಿ.

ದಾವಣಗೆರೆ ಅಪ್ಪ: ಬೆಳಿಗ್ಗೆಯಿಂದ ಮಾಡಿಲ್ಲ. ನಿನ್ನೆ ಬಟ್ಟೆ ಮೇಲೆ ಇಟ್ಟಿಗೆ ಬಣ್ಣದ ಕಲೆ ಇತ್ತು. ಹೊಟ್ಟೆವರೆಗೂ ಹಳದಿ. ಹೌದು, ಎರಡು ಬಾಟಲ್ ರಕ್ತ ಕೊಟ್ಟಿದ್ದರು. ಎದೆ ಇನ್ನೂ ಮೆತ್ತಗೇ ಇದೆ ಅಂತಾಳೆ.

ಸಿಸ್ಟರ್: ಈಗಲೇ ಮಕ್ಕಳ ಡಾಕ್ಟರ್ ಇರುವ ಆಸ್ಪತ್ರೆಗೆ ಹೊರಡಿ. ಬೆಳಿಗ್ಗೆವರೆಗೆ ಕಾಯಬೇಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಹೊರಟ ಮೇಲೆ ಮುಂದಿನದು ಓದಿ.

ಹುಟ್ಟಿದ ಮಗು ಸ್ವಲ್ಪ ತೂಕ ಇಳಿಯುತ್ತದೆ, ನಿಜ. ನೂರಕ್ಕೆ ಹತ್ತು ದಾಟಿದರೆ ತೋರಿಸಲೇಬೇಕು. ನಿಮ್ಮದು ಹನ್ನೆರಡು ದಾಟಿದೆ. ಮೊದಲ ದಿನ ಒಂದು ಸಲ, ಎರಡನೇ ದಿನ ಎರಡು ಸಲ, ಹೀಗೆ ಏರುತ್ತಾ ಐದಾರನೇ ದಿನಕ್ಕೆ ಆರು ಸಲವಾದರೂ ಉಚ್ಚೆ ಆಗಬೇಕು. ಕಪ್ಪು ಕಕ್ಕ ಹೋಗಿ ಹಳದಿ ಬಂದಿರಬೇಕು. ಇಟ್ಟಿಗೆ ಬಣ್ಣದ ಕಲೆ ಮೊದಲೆರಡು ದಿನ ಕಂಡರೆ ಪರವಾಗಿಲ್ಲ, ಈಗಲೂ ಇದೆ ಅಂದರೆ ಮಗುವಿಗೆ ಹಾಲು ಸಾಕಾಗಿಲ್ಲ. ಅದು ಒಳ್ಳೆ ಮಗು ಅಂತ ಮಲಗಿಲ್ಲ ಅಣ್ಣ, ಅಳೋಕೆ ಶಕ್ತಿ ಇಲ್ಲದೆ ಮಲಗಿದೆ. ಹಾಲು ಕಮ್ಮಿಯಾದರೆ ರಕ್ತದಲ್ಲಿ ಉಪ್ಪಿನಂಶ, ಅಂದರೆ ಸೋಡಿಯಂ ಏರುತ್ತದೆ, ಸಕ್ಕರೆ ಇಳಿಯುತ್ತದೆ, ಕಾಮಾಲೆ ಹೆಚ್ಚುತ್ತದೆ. ಆಮೇಲೆ ಮಗು ಇನ್ನೂ ಮಂಕಾಗಿ ಇನ್ನೂ ಕಮ್ಮಿ ಕುಡಿಯುತ್ತದೆ.

ದಾರಿಯಲ್ಲಿ ಮಗುವಿನ ಬಟ್ಟೆ ಬಿಚ್ಚಿ ತಾಯಿಯ ಬರಿ ಎದೆಗೆ ಒರಗಿಸಿ, ಮೇಲೆ ಹೊದಿಸಿ. ಎಚ್ಚರವಾಗಿ ನುಂಗುತ್ತಿದ್ದರೆ ಎದೆಗೆ ಹಾಕಿ, ಕೈಯಲ್ಲಿ ಹಿಂಡಿದ ಹಾಲನ್ನು ಒಳಲೆಯಲ್ಲಿ ತುಟಿಯಂಚಿಗೆ ಸ್ವಲ್ಪ ಸ್ವಲ್ಪವೇ ಬಿಡಿ. ನುಂಗದಿದ್ದರೆ ಸುರಿಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ಬರಿ ನೀರು, ಗ್ಲೂಕೋಸ್ ನೀರು ಕೊಡಬೇಡಿ. ಎರಡೂ ತೂಕ, ಕೊನೆಯ ಉಚ್ಚೆ ಯಾವಾಗ, ರಕ್ತ ಕೊಟ್ಟಿದ್ದು, ಈ ನಾಲ್ಕು ಮಾತು ಡಾಕ್ಟರಿಗೆ ಹೇಳಿ. ಸದ್ಯಕ್ಕೆ ಪೌಡರ್ ಹಾಲು ಬೇಕು ಅಂದರೆ ಒಪ್ಪಿಕೊಳ್ಳಿ. ತಾಯಿಯನ್ನೂ ತೋರಿಸಿ. ರಕ್ತ ತುಂಬಾ ಹೋದರೆ ಹಾಲು ತಡವಾಗುತ್ತದೆ, ಮಾಸಿನ ಚೂರು ಒಳಗೆ ಉಳಿದರೂ ತಡವಾಗುತ್ತದೆ. ಅವಳ ತಪ್ಪೇನೂ ಇಲ್ಲ. ಇದನ್ನು ಅವಳಿಗೆ ನೀವೇ ಹೇಳಿ.

ದಾವಣಗೆರೆ ಅಪ್ಪ: ಹೊರಟಿದ್ದೀವಿ ಸಿಸ್ಟರ್.

ಹಾಲೇ ಅಮೃತ: ಪೌಡರ್ ಒಮ್ಮೆ ಬಾಯಿಗೆ ಬಿದ್ದರೆ ಮಗು ಮತ್ತೆ ಎದೆ ಹಿಡಿಯಲ್ಲ. ಸಿಸ್ಟರೇ ಹೀಗೆ ಹೇಳಿದರೆ ಹೇಗೆ?

ಮೈಸೂರು ಮಿನಿ: ನನ್ನ ಮಗಳು ಪೌಡರಲ್ಲೇ ಬೆಳೆದಳು. ಈಗ ಕ್ಲಾಸಿಗೇ ಫಸ್ಟ್. ಸುಮ್ನೆ ಹೆದರಿಸಬೇಡಿ.

ಹಾಲೇ ಅಮೃತ: ಫಸ್ಟ್ ಬರೋದಕ್ಕೂ ಇದಕ್ಕೂ ಏನ್ರೀ ಸಂಬಂಧ? ನೀವು ಪ್ರಯತ್ನವೇ ಮಾಡಿಲ್ಲ ಅನ್ಸುತ್ತೆ.

ಮೈಸೂರು ಮಿನಿ: ನನ್ನ ಮನೆಯಲ್ಲಿ ಏನಾಯ್ತು ಅಂತ ನಿಮಗೆ ಗೊತ್ತಾ? ನಾಲಿಗೆ ಬಿಗಿ ಹಿಡಿದು ಮಾತಾಡಿ.

ಸಿಸ್ಟರ್: ಇಬ್ಬರೂ ನಿಲ್ಲಿಸಿ. ಸುಸ್ತಾದ ಮಗುವಿಗೆ ಹಾಲು ಬೇಕು. ಬಾಟಲಿ ಬಿಟ್ಟು ಒಳಲೆಯಲ್ಲೋ ಚಮಚದಲ್ಲೋ ಕೊಟ್ಟು, ದಿನಕ್ಕೆ ಎಂಟು ಸಲವಾದರೂ ತಾಯಿಯ ಹಾಲು ಹಿಂಡುತ್ತಿದ್ದರೆ ಮಗು ಮತ್ತೆ ಎದೆಗೆ ಬರುತ್ತದೆ. ಬೇಡದವರಿಗೆ ಡಬ್ಬಿ ಹಿಡಿಸೋದೂ ತಪ್ಪು, ಬೇಕಾದ ಮಗುವಿಗೆ ತಡೆಯೋದೂ ತಪ್ಪು.

ಬೆಳಗಾವಿ ತಂಗಿ: ನಮಗೆ ಡಿಸ್ಚಾರ್ಜ್ ದಿನ ಒಂದು ಡಬ್ಬಿ ಫ್ರೀ ಕೊಟ್ಟರು. ತಗೊಂಡೆ.

ಸಿಸ್ಟರ್: ಕೊಟ್ಟಿದ್ದು ಕಾನೂನಿಗೆ ವಿರುದ್ಧ. 1992ರ ಕಾನೂನು, 2003ರಲ್ಲಿ ಇನ್ನೂ ಬಿಗಿ ಮಾಡಿದರು. ಮಗುವಿನ ಪೌಡರ್ ಹಾಲಿಗೆ ಸ್ಯಾಂಪಲ್, ಜಾಹೀರಾತು ಯಾವುದೂ ಕೊಡುವ ಹಾಗಿಲ್ಲ.

ಮಂಡ್ಯ ಮಗಳು: ಸಿಸ್ಟರ್, ಮೊಲೆತೊಟ್ಟಿನ ಬಗ್ಗೆ ಕೇಳಿದ್ದೆ.

ಪುಟ್ಟಿ ಅಮ್ಮ: ಇದಕ್ಕೆಲ್ಲ ಕಾರಣ ಅತ್ತೆಯಂದಿರೇ. ಈಗ ಎಲ್ಲ ಹೆರಿಗೆ ಆಸ್ಪತ್ರೆಯಲ್ಲೇ ಅಲ್ವಾ, ಇವರು ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

ಎಲ್ಲರ ದೊಡ್ಡಮ್ಮ: ರಾತ್ರಿಯೆಲ್ಲ ಎದ್ದು ಬಾಣಂತನ ಮಾಡೋರು ಯಾರು? ನೀವಾ?

ಸಿಸ್ಟರ್: ದೊಡ್ಡಮ್ಮ ಹೇಳಿದ್ದು ಸರಿ. ಬರೀ ಅತ್ತೆಯರ ಮೇಲೆ ಹಾಕಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ ನೂರಕ್ಕೆ 88.6 ಹೆರಿಗೆ ಆಸ್ಪತ್ರೆಯಲ್ಲೇ ಆಗಿದೆ. ಮೊದಲ ಗಂಟೆಯಲ್ಲಿ ಎದೆಹಾಲು ಸಿಕ್ಕಿದ್ದು ನೂರಕ್ಕೆ 41.8 ಮಕ್ಕಳಿಗೆ. ನಡುವೆ ಆ ಮಗು ಎಲ್ಲಿತ್ತು? ಒರೆಸಿದರು, ತೂಗಿದರು, ಸುತ್ತಿದರು, ಹೊರಗೆ ಒಯ್ದು ನೆಂಟರಿಗೆಲ್ಲ ತೋರಿಸಿದರು. ಒಬ್ಬರಾದ ಮೇಲೆ ಒಬ್ಬರು ಎತ್ತಿಕೊಂಡು ಫೋಟೋ ತೆಗೆದರು. ಹುಟ್ಟಿದ ಮೊದಲ ಗಂಟೆ ಮಗು ಕಣ್ಣುಬಿಟ್ಟು ಚುರುಕಾಗಿರುತ್ತದೆ. ಬರಿ ಎದೆ ಮೇಲೆ ಬಿಟ್ಟರೆ ತಲೆ ಆಡಿಸಿ ತಾನೇ ಹುಡುಕುತ್ತದೆ. ಆಮೇಲೆ ಗಾಢ ನಿದ್ದೆ. ತಾಯಿ ಕೈಗೆ ಬರುವ ಹೊತ್ತಿಗೆ ಅದು ಮಲಗಿರುತ್ತದೆ, "ನಿನ್ನ ಮಗು ಕುಡೀತಿಲ್ಲ, ಹಾಲಿಲ್ಲ" ಅಂತ ಶುರು. ತೂಕ, ನೆಂಟರು, ಫೋಟೋ ಎಲ್ಲ ಒಂದು ಗಂಟೆ ಕಾಯಲಿ. ಹೆರಿಗೆ ವಾರ್ಡಿನ ನಮ್ಮವರಿಗೂ ನಾನು ಇದನ್ನೇ ಹೇಳೋದು.

ಹಾಸನ ಗೆಳತಿ: ಬಾಣಂತಿ ನೀರು ಕುಡಿದರೆ ಮಗುಗೆ ಶೀತ ಆಗುತ್ತಾ?

ಸಿಸ್ಟರ್: ಇಲ್ಲ. ಬಾಯಾರಿದಷ್ಟು ಕುಡಿಯಿರಿ.

ಶಿವಮೊಗ್ಗ ಕವಿ: ನಂದು ಮೂರನೇ ದಿನ. ಪಾಪು ಹಿಡಿದರೆ ಜೀವ ಹೋಗೋ ನೋವು. ತೊಟ್ಟು ಬಿರುಕು ಬಿಟ್ಟಿದೆ.

ಸಿಸ್ಟರ್: ಬರೀ ತೊಟ್ಟು ಹಿಡಿದಿದೆ ಅನ್ಸುತ್ತೆ. ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಗೆ ಹಾಕಿ ಬಿಡಿಸಿ, ಎಳೆಯಬೇಡಿ. ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರಲಿ, ಕತ್ತು ತಿರುಚಿರಬಾರದು. ತೊಟ್ಟಿನಿಂದ ಮೇಲ್ತುಟಿ ಸವರಿ ಕಾಯಿರಿ. ಆಕಳಿಸುವಷ್ಟು ಬಾಯಿ ತೆರೆದಾಗ ಮಗುವನ್ನು ಎದೆಗೆ ತನ್ನಿ. ನೀವು ಬಗ್ಗಬೇಡಿ. ಗಲ್ಲ ಎದೆಗೆ ಒತ್ತಿರಬೇಕು, ಕೆಳತುಟಿ ಹೊರಗೆ ಮಡಚಿರಬೇಕು, ಕಪ್ಪು ಭಾಗ ಮೇಲುಗಡೆ ಜಾಸ್ತಿ ಕಾಣಬೇಕು. ಕೊನೆಗೆ ಸ್ವಲ್ಪ ಹಾಲನ್ನೇ ತೊಟ್ಟಿಗೆ ಸವರಿ ಗಾಳಿಗೆ ಬಿಡಿ.

ಪುಟ್ಟಿ ಅಮ್ಮ: ಹಾಲು ಜಾಸ್ತಿ ಆಗೋಕೆ ತಾಯಿ ತಗೊಳ್ಳೋ ಪೌಡರ್ ಯಾವುದು ಒಳ್ಳೇದು ಸಿಸ್ಟರ್?

ಸಿಸ್ಟರ್: ಯಾವುದೂ ಬೇಡ. ರಾತ್ರಿಯೂ ಸೇರಿ ಎಂಟು, ಹತ್ತು ಸಲ ಎದೆಗೆ ಹಾಕಿ.

ದಾವಣಗೆರೆ ಅಪ್ಪ: ಅಡ್ಮಿಟ್ ಮಾಡಿಕೊಂಡರು. ಸೋಡಿಯಂ ಏರಿದೆಯಂತೆ, ಕಾಮಾಲೆಗೆ ಲೈಟ್ ಕೆಳಗೆ ಇಟ್ಟಿದ್ದಾರೆ. ಇವಳು ಹೊರಗೆ ಕೂತಿದ್ದಾಳೆ. ಏನು ಮಾಡಲಿ?

ಸಿಸ್ಟರ್: ಹೊರಗೆ ಸುಮ್ಮನೆ ಕೂರಿಸಬೇಡಿ. ತೊಳೆದ ಸ್ಟೀಲ್ ಬಟ್ಟಲು ಕೊಡಿ, ಎರಡು ಮೂರು ಗಂಟೆಗೊಮ್ಮೆ ಹಿಂಡಲಿ, ನಾಲ್ಕು ಹನಿ ಬಂದರೂ ಒಳಗಿನ ಸಿಸ್ಟರಿಗೆ ಕೊಡಿ. ಲೈಟಿನಿಂದ ತೆಗೆದು ಕುಡಿಸೋಕೆ ಬಿಡ್ತೀರಾ ಅಂತ ಕೇಳಿ. ಅವಳಿಗೆ ಊಟ ಆಯ್ತಾ?

ದಾವಣಗೆರೆ ಅಪ್ಪ: ಇಲ್ಲ.

ಸಿಸ್ಟರ್: ಮೊದಲು ಅದು.

ಎಲ್ಲರ ದೊಡ್ಡಮ್ಮ: ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಹಾಕಿ ಸಾರು ಮಾಡಿ ಕೊಡಿ ಮಗನೇ. ಇದಕ್ಕೂ ಬೇಡ ಅಂತೀರಾ ಸಿಸ್ಟರ್?

ಸಿಸ್ಟರ್: ಇದು ಕೊಡಿ.

ಮಂಡ್ಯ ಮಗಳು: ಸಿಸ್ಟರ್, ಮೂರನೇ ಸಲ ಕೇಳ್ತಿದ್ದೀನಿ.

ಅಡ್ಮಿನ್: ಸಿಸ್ಟರಿಗೆ ಬೆಳಗಿನ ಡ್ಯೂಟಿ ಇದೆ. ಉಳಿದ ಪ್ರಶ್ನೆ ನಾಳೆ. ಹಾಲೇ ಅಮೃತ, ಮೈಸೂರು ಮಿನಿ, ಇಬ್ಬರ ಜಗಳದ ಕಾಮೆಂಟ್ ತೆಗೆಯುತ್ತಿದ್ದೇನೆ.

ಮೈಸೂರು ಮಿನಿ: ನಂದು ಯಾಕೆ ತೆಗೀತೀರಾ? ಶುರು ಮಾಡಿದ್ದು ಅವರು.