ಕೆಸರುಗದ್ದೆಯ ಕೆಲಸದ ನಂತರ ಟ್ರ್ಯಾಕ್ಟರಿನ ಹೈಡ್ರಾಲಿಕ್ ಆಯಿಲ್ ಬೆಳ್ಳಗಾಗಿದೆ, ಲಿಫ್ಟ್ ನಿಲ್ಲುತ್ತಿಲ್ಲ

ಗಂಗಾವತಿ ರೈತ

ಎಲ್ಲರಿಗೂ ಶರಣು. ನನ್ನದು ಹನ್ನೊಂದು ವರ್ಷ ಹಳೆಯ, 45 ಎಚ್‌ಪಿಯ ಟ್ರ್ಯಾಕ್ಟರ್. ಕಾಲುವೆಗೆ ನೀರು ಬಂದ ಮೇಲೆ ಮೂರು ವಾರ ಎಡೆಬಿಡದೆ ಭತ್ತದ ಗದ್ದೆಗಳಲ್ಲಿ ಕೇಜ್‌ವೀಲ್ (ಕೆಸರಿನಲ್ಲಿ ಹೂಳದಂತೆ ಹಾಕುವ ಕಬ್ಬಿಣದ ಪಂಜರಚಕ್ರ) ಕಟ್ಟಿ ರೋಟವೇಟರ್ (ತಿರುಗುವ ಅಲಗುಗಳಿಂದ ಮಣ್ಣು ಕಲಸುವ ಸಾಧನ) ಹೊಡೆದಿದ್ದೇನೆ. ಈಗ ರೋಟವೇಟರನ್ನು ಎತ್ತುವಾಗ ಲಿಫ್ಟ್ ನಡುಗುತ್ತ, ತಡೆತಡೆದು ಮೇಲೇರುತ್ತದೆ. ಗಾಡಿ ಬಿಸಿಯಾದ ಮೇಲಂತೂ ಬದುವಿನ ಹತ್ತಿರ ಎತ್ತಿ ತಿರುಗಿಸಿಕೊಳ್ಳುವಷ್ಟರಲ್ಲಿ ತಾನಾಗಿ ಇಳಿದುಬಿಡುತ್ತದೆ. ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿದೆ, ಮಟ್ಟವೂ ಮೇಲಿನ ಗೆರೆಯನ್ನು ದಾಟಿದೆ. ಕಳೆದ ವರ್ಷವೂ ಹೀಗೆಯೇ ಆಗಿ 45 ಲೀಟರ್ ಆಯಿಲನ್ನು ಪೂರ್ತಿ ಬದಲಾಯಿಸಿದ್ದೆ. ಪಂಪ್ ಹೋಗಿದೆ, ಹೊಸದು ಹಾಕಬೇಕು ಎಂದು ಒಬ್ಬರು ಹೇಳುತ್ತಿದ್ದಾರೆ. ಅದಕ್ಕೆ ಹಣ ಹಾಕುವ ಮೊದಲು ನಾನೇ ಮನೆಯಲ್ಲಿ ಪರೀಕ್ಷಿಸಬಹುದಾದದ್ದು ಏನಿದೆ? ಸ್ಪ್ಯಾನರ್ ಸೆಟ್ಟು, ಜಾಕು ಇವೆ. ಇಂಜಿನ್ ಆಯಿಲನ್ನೂ ಫಿಲ್ಟರನ್ನೂ ನಾನೇ ಬದಲಾಯಿಸಿಕೊಳ್ಳುತ್ತೇನೆ.

ಹಳೆಯ ಮೆಕ್ಯಾನಿಕ್, ದಾವಣಗೆರೆ

ಶರಣು. ದಯವಿಟ್ಟು ಈಗಲೇ ಪಂಪನ್ನು ಕೊಳ್ಳಬೇಡಿ. ಮಟ್ಟ ಮೇಲೇರಿದೆ ಎಂದು ನೀವು ಬರೆದ ಒಂದು ಮಾತೇ ಬಹಳಷ್ಟನ್ನು ಹೇಳುತ್ತದೆ. ಹೊರಗಿನಿಂದ ಏನೋ ಸೇರದೆ ಮಟ್ಟ ಏರುವುದಿಲ್ಲ. ಅನೇಕ ಟ್ರ್ಯಾಕ್ಟರ್‌ಗಳಲ್ಲಿ ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಮತ್ತು ಹೈಡ್ರಾಲಿಕ್ ಮೂರಕ್ಕೂ ಒಂದೇ ಆಯಿಲ್ ಇರುವುದರಿಂದ, ಹಿಂದಿನ ಆಕ್ಸಲ್ಲಿನಲ್ಲಿ ನುಗ್ಗಿದ ನೀರು ನೇರವಾಗಿ ಲಿಫ್ಟಿನ ಪಂಪಿಗೂ ತಲುಪುತ್ತದೆ. ನೀರು ಕಲಸಿದ ಆಯಿಲಿನ ಜಿಡ್ಡು ಕೆಸರಿನೊಡನೆ ಸೇರಿ, ಪಂಪಿಗೆ ಹೋಗುವ ಆಯಿಲನ್ನು ಸೋಸುವ ಸ್ಟ್ರೈನರಿನ ಜಾಲರಿಯನ್ನು ಮುಚ್ಚಿದಾಗ ಪಂಪಿಗೆ ಬೇಕಾದಷ್ಟು ಆಯಿಲ್ ಸಿಗದೆ ಲಿಫ್ಟ್ ನಡುಗುತ್ತದೆ. ಇನ್ನು ಎತ್ತಿದ್ದು ತಾನಾಗಿ ಇಳಿಯುವುದಕ್ಕೆ ಪಂಪ್ ಕಾರಣವಲ್ಲ; ಎತ್ತಿದ ಭಾರವನ್ನು ಹಿಡಿದು ನಿಲ್ಲಿಸುವುದು ವಾಲ್ವ್ ಮತ್ತು ಲಿಫ್ಟ್ ಸಿಲಿಂಡರಿನ ಸೀಲು.

ಮೊದಲು ಗಾಜಿನ ಲೋಟದಲ್ಲಿ ಸ್ವಲ್ಪ ಆಯಿಲ್ ತೆಗೆದಿಡಿ. ಒಂದೆರಡು ಗಂಟೆಯಲ್ಲಿ ಗುಳ್ಳೆಗಳು ಮೇಲೇರಿ ತಿಳಿಯಾದರೆ ಒಳಗೆ ಗಾಳಿ ಸೇರುತ್ತಿದೆ ಎಂದರ್ಥ. ಆಗ ಪಂಪಿಗೆ ಆಯಿಲ್ ಎಳೆಯುವ ಪೈಪಿನ ಜಾಯಿಂಟನ್ನು ನೋಡಬೇಕು. ರಾತ್ರಿ ಕಳೆದರೂ ಬೆಳ್ಳಗೇ ಉಳಿದರೆ ಅದು ನೀರು. ಇನ್ನೂ ಅನುಮಾನವಿದ್ದರೆ ಕಾದ ಕಬ್ಬಿಣದ ತಟ್ಟೆಯ ಮೇಲೆ, ಕನ್ನಡಕ ಹಾಕಿಕೊಂಡು, ಒಂದೇ ಹನಿ ಬಿಡಿ: ನೀರಿದ್ದರೆ ಒಗ್ಗರಣೆಯ ಸಾಸಿವೆಯಂತೆ ಚಟಪಟ ಸಿಡಿಯುತ್ತದೆ, ಬರಿಯ ಆಯಿಲಾದರೆ ಸದ್ದಿಲ್ಲದೆ ಹೊಗೆಯಾಡುತ್ತದೆ.

ನೀರು ಎಂದು ಖಚಿತವಾದ ಮೇಲೆ ಅದು ಬಂದ ದಾರಿಯನ್ನು ಹುಡುಕಿ. ಕಳೆದ ವರ್ಷ ಈ ಒಂದು ಕೆಲಸ ಬಿಟ್ಟುಹೋದದ್ದರಿಂದಲೇ 45 ಲೀಟರ್ ವ್ಯರ್ಥವಾಗಿದೆ ಎಂಬುದು ನನ್ನ ಅಭಿಪ್ರಾಯ. ಎರಡೂ ಹಿಂಬದಿ ಚಕ್ರಗಳ ಒಳಮಗ್ಗುಲಿನ ಆಯಿಲ್ ಸೀಲ್, ರೋಟವೇಟರನ್ನು ತಿರುಗಿಸುವ ಪಿಟಿಒ ಶಾಫ್ಟಿನ ಸೀಲ್, ಗೇರ್ ಲಿವರಿನ ಬುಡದ ರಬ್ಬರ್ ಬೂಟು, ಬ್ರೀದರ್ (ಹೌಸಿಂಗಿನ ಒಳಗಿನ ಗಾಳಿ ಆಡುವ ಕಿಂಡಿ) ಇವಿಷ್ಟನ್ನೂ ತೊಳೆದು, ಒರೆಸಿ, ಬೆಳಕು ಬಿಟ್ಟು ನೋಡಿ. ಗೊಬ್ಬರದ ಚೀಲದ ಪ್ಲಾಸ್ಟಿಕ್ ದಾರ ಶಾಫ್ಟಿಗೆ ಸುತ್ತಿಕೊಂಡು ಸೀಲಿನ ತುಟಿಯನ್ನೇ ಕತ್ತರಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಆದ್ದರಿಂದ ಹೊರಗಿನ ಕೆಸರನ್ನು ಕೆರೆದು ತೆಗೆಯದೆ ಸೀಲ್ ಚೆನ್ನಾಗಿದೆ ಎಂಬ ತೀರ್ಮಾನಕ್ಕೆ ಬರಬೇಡಿ.

ಮಲೆನಾಡು ಜೀಪು

ಬ್ರೀದರ್ ವಿಷಯವನ್ನು ಸ್ವಲ್ಪ ವಿವರಿಸಬೇಕು ಅನ್ನಿಸಿತು, ಏಕೆಂದರೆ ಹಳ್ಳ ದಾಟುವ ಜೀಪುಗಳಲ್ಲಿ ನಮಗೂ ಇದೇ ತೊಂದರೆ. ಓಡಿ ಬಿಸಿಯಾದ ಆಕ್ಸಲ್ ಹೌಸಿಂಗ್ ಒಮ್ಮೆಲೇ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಒಳಕ್ಕೆ ಎಳೆಯುತ್ತದೆ. ಬ್ರೀದರ್ ತೆರೆದಿದ್ದರೆ ಗಾಳಿ ಹೋಗುತ್ತದೆ. ಅದು ಮಣ್ಣಿನಿಂದ ಮುಚ್ಚಿದ್ದರೆ ಸೀಲಿನ ಸಂದಿಯಿಂದ ನೀರೇ ಹೋಗುತ್ತದೆ. ಹೊಸ ಸೀಲ್ ಹಾಕಿದವರಿಗೂ ಮತ್ತೆ ಆಯಿಲ್ ಬೆಳ್ಳಗಾಗುವುದು ಹಲವು ಸಲ ಹೀಗೆಯೇ. ನಾವು ಬ್ರೀದರಿಗೆ ರಬ್ಬರ್ ಪೈಪು ಜೋಡಿಸಿ ಅದರ ಬಾಯನ್ನು ಬಾನೆಟ್ಟಿನ ಎತ್ತರಕ್ಕೆ ಒಯ್ದಿದ್ದೇವೆ. ಗದ್ದೆಯಿಂದ ಬಂದ ಕೂಡಲೇ ಬಿಸಿ ಗಾಡಿಗೆ ಪೈಪು ಹಿಡಿದು ತೊಳೆಯುವ ಅಭ್ಯಾಸವಿದ್ದರೆ ಅದನ್ನೂ ಬಿಡಿ.

ಕಬ್ಬಿನ ಸೀಮೆ, ಮಂಡ್ಯ

ಆಯಿಲ್ ಬಸಿಯುವ ಬಗ್ಗೆ ಎರಡು ಮಾತು. ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಡ್ರೈನ್ ಪ್ಲಗ್ಗನ್ನು ನಿಧಾನವಾಗಿ ಸಡಿಲಿಸಿದರೆ, ಬೇರ್ಪಟ್ಟು ತಳದಲ್ಲಿ ನಿಂತ ನೀರು ಮೊದಲು ಬರುತ್ತದೆ. ಅನಂತರ ಸ್ವಲ್ಪ ಬಿಸಿ ಮಾಡಿ ಉಳಿದದ್ದನ್ನು ಬಸಿಯಿರಿ. ಒಳಗೆ ಡೀಸೆಲ್ ಸುರಿದು ಗಾಡಿ ಓಡಿಸಿ ತೊಳೆಯುವ ಪದ್ಧತಿ ನಮ್ಮ ಕಡೆ ಇದೆ, ಆದರೆ ನಾನು ಅದನ್ನು ಒಪ್ಪುವುದಿಲ್ಲ. ಡೀಸೆಲಿನ ತೆಳುಪದರ ಪಂಪಿನ ಗೇರುಗಳನ್ನು ಕಾಯುವುದಿಲ್ಲ. ಸ್ಟ್ರೈನರನ್ನು ಹೊರತೆಗೆದು ತೊಳೆಯಲು ಮಾತ್ರ ಡೀಸೆಲ್ ಬಳಸಿ. ನಿಮ್ಮ ಗಾಡಿಗೆ ಆಯಿಲಿನಲ್ಲಿ ಮುಳುಗಿದ ಬ್ರೇಕ್ ಇದ್ದರೆ, ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಬೇಕು. ಅಗ್ಗದ ಗೇರ್ ಆಯಿಲ್ ಹಾಕಿದರೆ ಬ್ರೇಕ್ ಕಿರುಗುಟ್ಟಲು ಶುರುವಾಗುತ್ತದೆ.

ಮುಖ್ಯವಾಗಿ, ತಾನಾಗಿ ಇಳಿಯುವ ಲಿಫ್ಟಿನ ಕೆಳಗೆ ಕೈಯನ್ನೂ ಚಾಚಬೇಡಿ. ರೋಟವೇಟರನ್ನು ನೆಲಕ್ಕಿಳಿಸಿ ಬಿಚ್ಚಿಟ್ಟ ಮೇಲೆಯೇ ಕೆಲಸ ಶುರುಮಾಡಿ. ಸೋರುವ ಹೈಡ್ರಾಲಿಕ್ ಪೈಪನ್ನು ಬೆರಳಿನಿಂದ ಮುಟ್ಟಿ ಹುಡುಕಬಾರದು, ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿದ ಆಯಿಲ್ ಚರ್ಮದೊಳಕ್ಕೆ ಹೊಕ್ಕರೆ ಹೊರಗೆ ಸಣ್ಣ ಚುಕ್ಕೆಯಷ್ಟೇ ಕಂಡರೂ, ತಡಮಾಡದೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು.

ಗಂಗಾವತಿ ರೈತ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಲೋಟದ ಆಯಿಲ್ ಬೆಳಗಾದರೂ ತಿಳಿಯಾಗಲಿಲ್ಲ, ತಟ್ಟೆಯ ಮೇಲೆ ಸಿಡಿಯಿತು. ಪ್ಲಗ್ ಸಡಿಲಿಸಿದಾಗ ಒಂದು ಚೊಂಬಿಗೂ ಹೆಚ್ಚು ನೀರು ಬಂತು. ಬ್ರೀದರಿನ ಬಾಯಿ ಒಣಗಿದ ಎರೆಮಣ್ಣಿನಿಂದ ಪೂರ್ತಿ ಮುಚ್ಚಿತ್ತು. ಎಡ ಆಕ್ಸಲ್ಲಿಗೆ ನೀಲಿ ದಾರ ಸುತ್ತಿಕೊಂಡು ಸೀಲ್ ಹರಿದಿತ್ತು. ಆ ಸೀಲನ್ನು ಹಾಕಲು ಆಕ್ಸಲ್ ಎಳೆಯಬೇಕಾದ್ದರಿಂದ ಅದೊಂದನ್ನು ವರ್ಕ್‌ಶಾಪಿನಲ್ಲಿ ಮಾಡಿಸಿ, ಸ್ಟ್ರೈನರ್ ತೊಳೆದು, ಫಿಲ್ಟರ್ ಮತ್ತು ಆಯಿಲ್ ಬದಲಾಯಿಸಿದ್ದೇನೆ. ನಡುಕ ಹಳೆಯ ಪಂಪಿನಲ್ಲೇ ನಿಂತಿದೆ. ಆದರೆ ಎತ್ತಿದ ರೋಟವೇಟರ್ ಇಂಜಿನ್ ಆಫ್ ಮಾಡಿದ ಹತ್ತು ನಿಮಿಷದಲ್ಲಿ ಇನ್ನೂ ಒಂದು ಗೇಣು ಇಳಿಯುತ್ತಿದೆ. ನಾಟಿ ಮುಗಿದ ಮೇಲೆ ಲಿಫ್ಟ್ ಸಿಲಿಂಡರಿನ ಸೀಲನ್ನು ಬಿಚ್ಚಿ ನೋಡಿಸುತ್ತೇನೆ.